ಅರಮನೆಯಣ್ಣನಿಗೆ ಬಂದ ಕಾಗದ

ಪೋಸ್ಟ್‌ಮನ್ ಇನ್ನೊಂದು ಐದು ನಿಮಿಷ ತಡವಾಗಿ ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವನು ಬಾಗಿಲು ತಟ್ಟಿದಾಗ ಅರಮನೆಯಣ್ಣ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದ. ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಆ ಅರ್ಧಾವತಾರದಲ್ಲೇ ಬಂದು ಬಾಗಿಲು ತೆಗೆದ.

"ರಿಜಿಸ್ಟರ್ಡ್ ಇದೆ. ಅಮ್ಮಾವ್ರು ಇಲ್ವಾ?" ಪೋಸ್ಟ್‌ಮನ್ ಕೇಳಿದ.

"ಅವಳು ಬೆಳಗಿನ ಪಾಳಿಗೆ ಹೋಗಿ ಒಂದು ಗಂಟೆ ಆಯ್ತು. ನನ್ನ ಕೈಗೆ ಕೊಡಪ್ಪ. ನಾನೇನು ದಾರಿಹೋಕನಾ?"

"ಮನೆಯವರು ಯಾರು ಸೈನ್ ಹಾಕಿದ್ರೂ ಆಯ್ತು ಬಿಡಿ," ಎಂದು ಅವನು ಸೈನ್ ಹಾಕಿಸಿಕೊಂಡು ಸೈಕಲ್ ಹತ್ತಿದ.

ಅರಮನೆಯಣ್ಣ ಕವರು ತಿರುಗಿಸಿ ನೋಡಿದ. ಕೆನೆಬಣ್ಣದ ದಪ್ಪ ಕವರು. ಹಿಂಬದಿಯಲ್ಲಿ ಕೆಂಪು ಅರಗಿನ ಮುದ್ರೆ. ಮುಂಬದಿಯ ಮೂಲೆಯಲ್ಲಿ ಉಬ್ಬಿಕೊಂಡ ಚಿನ್ನದ ಕಿರೀಟ, ಕಿರೀಟದ ಕೆಳಗೆ ಕತ್ತು ಬಾಗಿಸಿದ ಹಂಸ. ಆ ಹಂಸವನ್ನು ಕಂಡದ್ದೇ ಅವನ ಬಾಯಿ ತೆರೆದುಕೊಂಡಿತು, ಗದ್ದ ನಡುಗಿತು, ಗದ್ದದ ಮೇಲಿದ್ದ ನೊರೆ ಪಚಕ್ಕನೆ ವಿಳಾಸದ ಮೇಲೆ ಬಿತ್ತು. ಗಾಬರಿಯಿಂದ ಟವೆಲಿನಲ್ಲಿ ಒರೆಸಿದ. ನೀಲಿ ಮಸಿಯಲ್ಲಿ ಕೈಯಿಂದ ಬರೆದ ವಿಳಾಸ. ಮೊದಲ ಸಾಲು ಕರಗಿ ಒಂದು ಮೋಡವಾಯಿತು. ಉಳಿದದ್ದು ಮನೆ ನಂಬರು, ಬೀದಿ, ಊರು.

ಹೋಗಲಿ ಬಿಡು ಅಂದುಕೊಂಡ. ಹೆಸರು ಅಳಿಸಿದರೇನು? ಯಾರ ಹೆಸರು ಅಂತ ಗೊತ್ತಿಲ್ಲವೆ?

ಅರಮನೆಯಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಕೆಲಸ ನೀರು ಸರಬರಾಜು ಕಚೇರಿಯಲ್ಲಿ, ಮನೆ ಮನೆಗೆ ಹೋಗಿ ನೀರಿನ ಮೀಟರ್ ಓದುವುದು. ಇಪ್ಪತ್ತೆರಡು ವರ್ಷ ಮೀಟರಿನ ಗುಂಡಿಗಳಿಗೆ ಬಗ್ಗಿ ಬಗ್ಗಿ ಬೆನ್ನು ಕುಡುಗೋಲಾಗಿತ್ತು. ಮನಸ್ಸು ಮಾತ್ರ ಯುರೋಪಿನ ಅರಮನೆಗಳ ಕಾರ್ಪೆಟ್ಟಿನ ಮೇಲೆ ನೆಟ್ಟಗೆ ಓಡಾಡುತ್ತಿತ್ತು. ಬೆಳಗ್ಗೆ ಎರಡು ಪೇಪರು. ಎರಡರಲ್ಲೂ ಮೊದಲು ತೆರೆಯುವುದು ವಿದೇಶದ ಪುಟ. ಮಧ್ಯಾಹ್ನ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಫೋನು, ಫೋನಿನಲ್ಲಿ ಯಾವುದೋ ರಾಜಕುಮಾರಿ ರಥದಿಂದ ಇಳಿಯುತ್ತಿರುವ ವಿಡಿಯೋ. ಸಂಜೆ ಟಿವಿ. ಯಾವ ರಾಜ ಯಾವ ರಾಣಿಗೆ ಏನಾಗಬೇಕು ಅನ್ನುವುದರಲ್ಲಿ ಅವನನ್ನು ಸೋಲಿಸುವವರಿರಲಿಲ್ಲ.

"ನೋಡಿ, ಈ ಯುವರಾಜನ ಸೋದರತ್ತೆಯನ್ನ ಕೊಟ್ಟಿರೋದು ಪಕ್ಕದ ದೇಶಕ್ಕೆ. ಹಾಗಾಗಿ ಆ ರಾಜ ಇವನಿಗೆ ಮಾವ. ಆದರೆ ಹೆಂಡತಿ ಕಡೆಯಿಂದ ಹಿಡಿದ್ರೆ ಷಡ್ಡಕ," ಎಂದು ಅವನು ಗುಂಡಿಯೊಳಗಿಂದಲೇ ಹೇಳುತ್ತಿದ್ದರೆ ಮನೆಯವರು ಮೇಲೆ ನಿಂತು ತಲೆಯಾಡಿಸುತ್ತಿದ್ದರು. ಅದೇ ಮನುಷ್ಯನನ್ನು, ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರೆ, "ಏಳೋ, ಎಂಟೋ... ಅವರಮ್ಮನ್ನ ಕೇಳಿ," ಅನ್ನುತ್ತಿದ್ದ.

ಎಲ್ಲ ರಾಣಿಯರಲ್ಲೂ ಅವನಿಗೆ ಅಚ್ಚುಮೆಚ್ಚು ಉತ್ತರದ ಒಂದು ಪುಟ್ಟ ದೇಶದ ರಾಣಿ; ಆ ಹಂಸದ ಮುದ್ರೆ ಆಕೆಯದೇ. ಭೂಪಟದಲ್ಲಿ ಆ ದೇಶದ ಮೇಲೆ ಹೆಬ್ಬೆರಳಿಟ್ಟರೆ ಸಮುದ್ರ ಸಮೇತ ಮುಚ್ಚಿಹೋಗುತ್ತಿತ್ತು. ನಾಲ್ಕು ತಿಂಗಳ ಹಿಂದೆ ಆಕೆಗೆ ಎಪ್ಪತ್ತು ತುಂಬಿದಾಗ ಇವನು ಕೂತು ನಾಲ್ಕು ಪುಟ ಶುಭಾಶಯ ಬರೆದಿದ್ದ, ಅಚ್ಚ ಕನ್ನಡದಲ್ಲಿ, ಮುಖ್ಯ ಮಾತುಗಳ ಕೆಳಗೆ ಕೆಂಪು ಗೆರೆ ಎಳೆದು, ಯೂನಿಫಾರಂ ಹಾಕಿಕೊಂಡ ಫೋಟೋ ಇಟ್ಟು.

"ಅಲ್ಲಿ ಇದನ್ನ ಯಾರ್ರೀ ಓದ್ತಾರೆ?" ಎಂದು ಹೆಂಡತಿ ಕೇಳಿದ್ದಳು.

"ರಾಣಿ ಅಂದ್ಮೇಲೆ ಓದೋಕೆ ಜನ ಇಟ್ಟಿರ್ತಾರೆ ಕಣೇ."

ಈಗ ಉತ್ತರ ಕೈಯಲ್ಲಿದೆ! ಅವನು ರೇಜರಿನ ತುದಿಯಿಂದ ಮುದ್ರೆ ಎಬ್ಬಿಸಬೇಕು, ಅಷ್ಟರಲ್ಲಿ ಎದುರುಮನೆಯ ಗೇಟಿನಿಂದ ಒಂದು ಗರ್ಜನೆ ಬಂತು.

"ನಿಲ್ಲು! ಮುಟ್ಟಬೇಡ!"

ನಿವೃತ್ತ ಹೆಡ್ಮಾಸ್ಟರು. ಶಾಲೆ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ; ಬೀದಿಯಲ್ಲಿ ಯಾರು ಏನು ಮಾಡಿದರೂ ತಿದ್ದುತ್ತಿದ್ದರು. ರಸ್ತೆ ದಾಟಿ ಬಂದು ಕವರು ಇಸಿದುಕೊಂಡು, ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಮೂಸಿಯೂ ನೋಡಿದರು.

"ಅಸಲಿ ಅರಗು. ರಾಜಮುದ್ರೆ. ಏನಯ್ಯಾ, ಅರ್ಧ ಗಡ್ಡದಲ್ಲಿ, ಬನೀನಿನಲ್ಲಿ, ಹೊಸಿಲ ಮೇಲೆ ನಿಂತು ಒಡೆಯೋ ಕಾಗದವೇ ಇದು? ಇದಕ್ಕೊಂದು ಕ್ರಮ ಇದೆ. ನಾಲ್ಕು ಜನರ ಸಮಕ್ಷಮ ಒಡೀಬೇಕು. ನಾಳೆ ಯಾರಾದ್ರೂ ಇದು ಸುಳ್ಳು ಅಂದ್ರೆ ಸಾಕ್ಷಿ ಯಾರು?"

ಸಾಕ್ಷಿ ಅನ್ನುವ ಮಾತು ಅರಮನೆಯಣ್ಣನ ಎದೆಗೆ ನಾಟಿತು. ಇಪ್ಪತ್ತೆರಡು ವರ್ಷ ಇವನ ರಾಜಮನೆತನದ ಸುದ್ದಿ ಕೇಳಿ ಬೆನ್ನ ಹಿಂದೆ ನಕ್ಕವರು ಕಮ್ಮಿಯೇ?

ಇಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಆಸ್ಪತ್ರೆಗೆ ಹೊರಟವಳು ಸ್ಕೂಟರ್ ನಿಲ್ಲಿಸಿದಳು. ಊರಿಗೆಲ್ಲ ಇಂಜೆಕ್ಷನ್ ಕೊಡುವ ಕೈ ಅದು. ಸುದ್ದಿಯನ್ನೂ ಹಾಗೇ ಕೊಡುತ್ತಿದ್ದಳು; ಚುರುಕ್ ಅನ್ನುವಷ್ಟರಲ್ಲಿ ಮೈಯೆಲ್ಲ ಹರಡಿರುತ್ತಿತ್ತು.

"ಏನಣ್ಣಾ ಅದು, ಮದುವೆ ಕಾಗದದ ತರ ಇದೆ?"

"ರಾಣಿಯವರು ಬರೆದಿದ್ದಾರಮ್ಮಾ. ನನಗೆ."

"ಅಯ್ಯೋ ಹೌದಾ! ಅವರ ಮೊಮ್ಮಗಳಿಗೆ ಗಂಡು ನೋಡ್ತಿದ್ದಾರೆ ಅಂತ ನೀವೇ ಹೇಳಿದ್ರಲ್ಲ, ನಿಶ್ಚಯ ಆಯ್ತೇನೋ! ಹಾಗಾದ್ರೆ ಆಹ್ವಾನಾನೇ!"

"ಇರಬಹುದು," ಎಂದ ಅರಮನೆಯಣ್ಣ. ಇಲ್ಲ ಅನ್ನಲು ಅವನಿಗೇನು ಗೊತ್ತು? ಕವರು ಇನ್ನೂ ಒಡೆದಿರಲಿಲ್ಲವಲ್ಲ.

ಸ್ಕೂಟರ್ ಹೊರಟುಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬೀದಿ ಅದು. ಅವನು ಬಲಗೆನ್ನೆ ಹೆರೆದು, ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಕವರನ್ನು ಎದೆಯ ಜೇಬಿನಲ್ಲಿ ಕಿರೀಟ ಮಾತ್ರ ಕಾಣುವಂತೆ ಇಟ್ಟುಕೊಂಡು ಮೀಟರ್ ಓದಲು ಹೊರಡುವಷ್ಟರಲ್ಲಿ ಸುದ್ದಿ ಅವನಿಗಿಂತ ಎರಡು ಬೀದಿ ಮುಂದಿತ್ತು.

ಮೂರನೇ ಮನೆಯಲ್ಲಿ, "ಮದುವೆಗೆ ಹೋಗ್ತೀರಂತೆ, ಒಳ್ಳೇದಾಗ್ಲಿ," ಅಂದರು. ಎಂಟನೇ ಮನೆಯಲ್ಲಿ, "ಗುರುವಾರದ ವಿಮಾನಾನಾ, ಶುಕ್ರವಾರದ್ದಾ?" ಎಂದು ಕೇಳಿದರು. ಹದಿನಾಲ್ಕನೇ ಮನೆಯ ಅಜ್ಜಿ ಅವನ ಕೈ ಹಿಡಿದುಕೊಂಡು, "ಅಲ್ಲಿ ಚಳಿಯಂತಪ್ಪ, ಕಿವಿ ಮುಚ್ಚಿಕೋ," ಅಂದರು. ಇಪ್ಪತ್ತನೇ ಮನೆಗೆ ಬರುವ ಹೊತ್ತಿಗೆ ಇವನು ಅಲ್ಲಿಗೆ ಹೋಗುವುದು ಹಿಂದೆ ಬಿದ್ದು, ರಾಣಿಯೇ ಇಲ್ಲಿಗೆ ಬರುತ್ತಾಳೆ ಅನ್ನುವುದು ಮುಂದೆ ಬಂದಿತ್ತು.

"ನಿಮ್ಮನೇಲಿ ಇರೋದು ಎರಡೇ ರೂಮಲ್ವಾ? ಆಕೇನ ಎಲ್ಲಿ ಮಲಗಿಸ್ತೀರಾ?" ಎಂದು ಆ ಮನೆಯಾಕೆ ಚಿಂತೆಯಿಂದ ಕೇಳಿದಳು. "ನಮ್ಮ ಮಂಚ ಬೇಕಾದ್ರೆ ಕಳಿಸ್ತೀನಿ. ಒಂದು ಕಾಲು ಮಾತ್ರ ಸ್ವಲ್ಪ ಅಲ್ಲಾಡುತ್ತೆ."

ಅಲ್ಲಗಳೆಯಬೇಕಿತ್ತು, ನಿಜ. ಆದರೆ ಇಷ್ಟು ವರ್ಷ ಗೇಟಿನ ಹೊರಗೆ ನಿಲ್ಲಿಸಿ "ಬೇಗ ಓದಿಕೊಂಡು ಹೋಗಪ್ಪ" ಅನ್ನುತ್ತಿದ್ದವರು ಇವತ್ತು ಕುರ್ಚಿ ಹಾಕುತ್ತಿದ್ದಾರೆ, ಟೀ ಕೊಡುತ್ತಿದ್ದಾರೆ, ಬಿಸ್ಕತ್ತಿನ ಡಬ್ಬಿಯನ್ನೇ ಮುಂದಿಡುತ್ತಿದ್ದಾರೆ. ಅರಮನೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕುಡುಗೋಲಾಗಿದ್ದ ಬೆನ್ನು ಕೋಲಾಯಿತು. ಅದೇ ಗುಂಗಿನಲ್ಲಿ ಒಂದು ಮನೆಯ ಮೀಟರಿನ ಅಂಕಿ ಬರೆಯುವ ಜಾಗದಲ್ಲಿ ರಾಣಿ ಪಟ್ಟಕ್ಕೆ ಬಂದ ಇಸವಿ ಬರೆದ. ಇನ್ನೊಂದು ಮನೆಯಲ್ಲಿ ಗುಂಡಿಯ ಮುಚ್ಚಳವನ್ನು ತನ್ನ ಕಾಲಿನ ಮೇಲೇ ಮುಚ್ಚಿಕೊಂಡ. ನೋವೂ ಗೊತ್ತಾಗಲಿಲ್ಲ.

ಹನ್ನೊಂದೂವರೆಗೆ ಫೋನ್ ಬಂತು. ಎಂಜಿನಿಯರ್ ಸಾಹೇಬರು!

"ಎಲ್ಲಿದೀಯಾ? ಇದ್ದ ಹಾಗೇ ಆಫೀಸಿಗೆ ಬಾ."

ಕೋಲಾಗಿದ್ದ ಬೆನ್ನು ಮತ್ತೆ ಕುಡುಗೋಲಾಯಿತು. ಡ್ಯೂಟಿ ಹೊತ್ತಿನಲ್ಲಿ ಟೀ ಕುಡಿದದ್ದು ಗೊತ್ತಾಯಿತೆ? ಇಸವಿ ಬರೆದದ್ದು ಗೊತ್ತಾಯಿತೆ? ಕುಂಟುತ್ತ ಕಚೇರಿಯ ಮೆಟ್ಟಿಲು ಹತ್ತಿದರೆ, ಸಾಹೇಬರು ಕುರ್ಚಿಯಿಂದ ಎದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಎದ್ದದ್ದನ್ನು ಅವನು ಕಂಡಿರಲಿಲ್ಲ. ಇಷ್ಟು ಎತ್ತರದ ಮನುಷ್ಯ ಅನ್ನುವುದೂ ಗೊತ್ತಿರಲಿಲ್ಲ.

"ಕೂತ್ಕೋ, ಕೂತ್ಕೋ. ತೋರಿಸು, ಎಲ್ಲಿ? ಆಹಾ! ಯುರೋಪಿನವರು ನೀರಿನ ವಿಷಯದಲ್ಲಿ ಬಹಳ ಮುಂದೆ ಕಣಯ್ಯ. ಅವರು ಸುಮ್ಮನೆ ಯಾರಿಗೂ ಕಾಗದ ಬರೆಯೋಲ್ಲ. ನೀನು ನಿನ್ನ ಕಾಗದದಲ್ಲಿ ನಮ್ಮ ಆಫೀಸಿನ ಕೆಲಸದ ಬಗ್ಗೆ ಬರೆದಿದ್ದೆ ತಾನೆ?"

ಅವನು ಬರೆದದ್ದು ರಾಣಿಯ ಮೂರು ಕುದುರೆಗಳ ಬಗ್ಗೆ, ಟೋಪಿಗಳ ಬಗ್ಗೆ, ಆಕೆಯ ಭಾವಮೈದುನ ಮಾಡಿದ ಎರಡನೇ ಮದುವೆ ತನಗೆ ಒಪ್ಪಿಗೆಯಾಗಲಿಲ್ಲ ಅನ್ನುವುದರ ಬಗ್ಗೆ. ಆದರೂ ಬಾಯಿ ತಾನಾಗಿ ತೆರೆದುಕೊಂಡಿತು.

"ಒಂದು ಪುಟ ಪೂರ್ತಿ ಬರೆದಿದ್ದೆ ಸಾರ್. ತಮ್ಮ ಹೆಸರೂ ಇತ್ತು."

"ನನ್ನ ಹೆಸರು!" ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಸಾಯಂಕಾಲ ನಾಲ್ಕಕ್ಕೆ ಮೀಟಿಂಗ್ ಹಾಲ್‌ನಲ್ಲಿ ಎಲ್ಲರ ಎದುರು ಒಡೆಯೋಣ. ನಿಮ್ಮ ಬೀದಿಯವರನ್ನೂ ಕರಿ. ಲೋಕಲ್ ಚಾನೆಲ್ಲಿನವರಿಗೆ ಆಗಲೇ ಹೇಳಿದೀನಿ, ನೇರ ಪ್ರಸಾರ. ಆಮೇಲೆ, ನೋಡು..." ದನಿ ತಗ್ಗಿಸಿದರು. "ಮೇಲ್ವಿಚಾರಕರ ಹುದ್ದೆ ಒಂದು ಖಾಲಿ ಇದೆಯಲ್ಲ. ಮೂರು ಸಲ ನಿನ್ನ ಹೆಸರು ಬಿಟ್ಟುಹೋಯ್ತು, ನನಗೂ ಬೇಜಾರಿದೆ. ಇವತ್ತು ಎಲ್ಲ ಸರಿಯಾಗಿ ನಡೆದ್ರೆ, ಅಲ್ಲೇ ಘೋಷಣೆ ಮಾಡಿಬಿಡ್ತೀನಿ."

ಮೇಲ್ವಿಚಾರಕರು ಬಗ್ಗುವುದಿಲ್ಲ. ಬಗ್ಗಿದವರ ಪಕ್ಕದಲ್ಲಿ ನಿಂತಿರುತ್ತಾರೆ. ಅರಮನೆಯಣ್ಣನಿಗೆ ಅಷ್ಟೇ ಸಾಕಾಗಿತ್ತು.

ನಾಲ್ಕು ಗಂಟೆಗೆ ಹಾಲ್ ತುಂಬಿತು. ಗೋಡೆಗೆ "ಹನಿ ಹನಿ ನೀರೂ ಹೊನ್ನು" ಎಂಬ ನೀಲಿ ಬ್ಯಾನರು. ಮೇಜಿನ ಮೇಲೆ ಹೂಗುಚ್ಛ, ಮೈಕು, ನೀರಿನ ಲೋಟ. ಬೀದಿಯವರೆಲ್ಲ ಬಂದಿದ್ದರು. ಮಂಚ ಕಳಿಸುತ್ತೇನೆ ಅಂದಿದ್ದಾಕೆ ಮೊದಲ ಸಾಲಿನಲ್ಲೇ ಕೂತಿದ್ದಳು. ಚಾನೆಲ್ಲಿನ ವರದಿಗಾರ್ತಿ ಅರಮನೆಯಣ್ಣನ ಬಾಯಿಗೆ ಮೈಕು ಹಿಡಿದು, "ರಾಣಿಯವರೊಂದಿಗಿನ ನಿಮ್ಮ ಸಂಬಂಧ ಎಷ್ಟು ಹಳೇದು?" ಎಂದು ಕೇಳಿದಳು.

"ಹಳೇದೇ," ಎಂದ ಅವನು. "ಮನೆಯವರ ಹಾಗೆ."

ಆಗ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವಳನ್ನು ನರ್ಸಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಇಲ್ಲಿಗೆ ತಂದಿದ್ದಳು. ತೋಳಿನ ಮೇಲೆ ಗಾಜಿನ ಬಿಳಿ ಪುಡಿ ಇನ್ನೂ ಇತ್ತು. ಜನ ಎದ್ದು ದಾರಿ ಬಿಟ್ಟರು. ಅವಳು ಮೇಜಿನ ಮೇಲಿದ್ದ ಕವರು ನೋಡಿದಳು, ಹಂಸ ನೋಡಿದಳು, ಅವಳ ಮುಖದ ಬಣ್ಣ ಹೋಯಿತು.

"ರೀ, ಒಂದು ನಿಮಿಷ ಈ ಕಡೆ ಬನ್ನಿ."

"ಆಮೇಲೆ, ಆಮೇಲೆ."

"ಆಮೇಲಲ್ಲ ರೀ, ಈಗಲೇ. ಅದನ್ನ ಮನೇಲಿ ಒಡೆಯೋಣ. ನನ್ನ ಮಾತು ಕೇಳಿ."

"ಇಪ್ಪತ್ತು ವರ್ಷ ನಿನ್ನ ಮಾತೇ ಕೇಳಿದೀನಲ್ಲೇ," ಎಂದು ಅವನು ಹಲ್ಲು ಕಚ್ಚಿಕೊಂಡು ನಕ್ಕ. ಕ್ಯಾಮೆರಾ ಇತ್ತಲ್ಲ. "ಇವತ್ತೊಂದು ದಿನ ರಾಣಿ ಮಾತು ಕೇಳ್ತೀನಿ. ಹೋಗಿ ಕೂತ್ಕೋ."

"ಆಯ್ತು, ಕೇಳಿ," ಎಂದು ಅವಳು ಹೋಗಿ ಕೂತಳು.

ಹೆಡ್ಮಾಸ್ಟರು ಕ್ರಮಪ್ರಕಾರ ಮುದ್ರೆ ಒಡೆದರು. ಒಳಗಿದ್ದದ್ದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದೂವರೆ ಪುಟ, ಕೊನೆಯಲ್ಲಿ ಹಸಿರು ಮಸಿಯ ಸಹಿ. ಓದಿ ಕನ್ನಡದಲ್ಲಿ ಹೇಳಲು ಕಚೇರಿಯ ಟೈಪಿಸ್ಟ್ ಮೇಡಂ ಎದ್ದು ನಿಂತರು. ಮೂವತ್ತು ವರ್ಷ ಸಾಹೇಬರುಗಳ ಕಾಗದ ಟೈಪ್ ಮಾಡಿ, ಏನು ಓದಿದರೂ ಮುಖದ ಒಂದು ಗೆರೆಯೂ ಅಲ್ಲಾಡದ ಹೆಂಗಸು.

"'ಪ್ರಿಯ ಶ್ರೀಮತಿಯವರೇ...'" ಎಂದು ಶುರುಮಾಡಿದರು.

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಹೆಡ್ಮಾಸ್ಟರು ಕೈ ಎತ್ತಿದರು. "ಗಲಾಟೆ ಬೇಡ. ಕೆಲವು ಭಾಷೆಗಳಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಗೌರವವಾಚಕ ಇರುತ್ತೆ. ಮುಂದೆ ಓದಿ."

"'ಘನತೆವೆತ್ತ ರಾಣಿಯವರ ಅಪ್ಪಣೆಯಂತೆ ಅವರ ಕಾರ್ಯದರ್ಶಿಯಾದ ನಾನು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪತಿಯವರು ಬರೆದ ನಾಲ್ಕು ಪುಟಗಳ ಜೊತೆ ಅದೇ ಕವರಿನಲ್ಲಿ ನೀವು ಇಟ್ಟಿದ್ದ ಅರ್ಧ ಪುಟ ನಮಗೆ ತಲುಪಿತು.'"

ಅರಮನೆಯಣ್ಣ ನಿಧಾನವಾಗಿ ತಲೆ ತಿರುಗಿಸಿ ಹೆಂಡತಿಯನ್ನು ನೋಡಿದ.

"ಅಂಟು ಹಚ್ಚು ಅಂತ ಕವರು ನನ್ನ ಕೈಗೆ ಕೊಟ್ರಲ್ಲ," ಎಂದಳು ಅವಳು ಕೂತಲ್ಲಿಂದಲೇ. "ಒಳಗೆ ಜಾಗ ಇತ್ತು."

ಟೈಪಿಸ್ಟ್ ಮೇಡಂ ಓದುತ್ತಲೇ ಹೋದರು. "'ನಮ್ಮ ವಿಶ್ವವಿದ್ಯಾಲಯದಲ್ಲಿ ನಿಮ್ಮ ಭಾಷೆ ಕಲಿಯುತ್ತಿರುವ ವಿದ್ಯಾರ್ಥಿನಿ ಒಬ್ಬಳಿದ್ದಾಳೆ. ನಿಮ್ಮ ಪತಿಯವರ ಕಾಗದದಲ್ಲಿ ಅವಳಿನ್ನೂ ಎರಡನೇ ಪುಟದಲ್ಲಿದ್ದಾಳೆ. ಷಡ್ಡಕ ಎಂಬ ಶಬ್ದದ ಹತ್ತಿರ ನಿಂತಿದ್ದಾಳೆ. ನಿಮ್ಮದು ಚಿಕ್ಕದಾಗಿದ್ದರಿಂದ ಮೊದಲು ಮುಗಿಯಿತು. ರಾಣಿಯವರು ಅದನ್ನು ತಿಂಡಿಯ ಮೇಜಿನಲ್ಲಿ ಓದಿಸಿ ಕೇಳಿದರು. ಎರಡು ಸಲ ಕೇಳಿದರು.'"

"ನಮ್ಮ ಆಫೀಸಿನ ವಿಷಯ ಬಂತಾ?" ಸಾಹೇಬರು ಬಗ್ಗಿ ಪಿಸುಗುಟ್ಟಿದರು. ಪಿಸುಮಾತು ಮೈಕಿನಲ್ಲಿ ಹಾದು ಊರಿಗೆಲ್ಲ ಕೇಳಿಸಿತು.

"ಬರ್ತಿದೆ ಸಾರ್," ಎಂದರು ಟೈಪಿಸ್ಟ್ ಮೇಡಂ. "'ನೀವು ಬರೆದಿರುವಂತೆ, ನಿಮ್ಮ ಬಚ್ಚಲುಮನೆಯ ನಲ್ಲಿ ಹದಿನಾಲ್ಕು ತಿಂಗಳಿಂದ ಸೋರುತ್ತಿದೆ. ಕೆಳಗಿಟ್ಟ ಬಕೆಟ್ಟು ದಿನಕ್ಕೆ ಮೂರು ಸಲ ತುಂಬುತ್ತದೆ. ಅದನ್ನು ನೀವೇ ಸುರಿಯುತ್ತೀರಿ. ನಿಮ್ಮ ಪತಿಯವರು ನೀರು ಸರಬರಾಜು ಕಚೇರಿಯ ನೌಕರರು. ಕೇಳಿದಾಗಲೆಲ್ಲ ನಾಳೆ ಎನ್ನುತ್ತಾರೆ, ಕಣ್ಣು ಟಿವಿಯ ಮೇಲೆ ಇರುತ್ತದೆ, ಟಿವಿಯಲ್ಲಿ ರಾಣಿಯವರು ಇರುತ್ತಾರೆ. ನಾನು ಹೇಳಿದರೆ ಕೇಳುವುದಿಲ್ಲ, ನೀವು ಒಂದು ಮಾತು ಹೇಳಿದರೆ ಕೇಳುತ್ತಾರೆ ಎಂದು ಬರೆದಿದ್ದೀರಿ.'"

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಇಲ್ಲಿ ಆ ಬುಡಕ್ಕೇ ಕ್ಯಾಮೆರಾದ ಬೆಳಕು ಬಿದ್ದಿತ್ತು. ಸಾಹೇಬರು ತಮ್ಮ ತಲೆಯ ಮೇಲಿನ ಬ್ಯಾನರನ್ನು ಒಮ್ಮೆ ಓದಿಕೊಂಡು, ಅದು ತಮಗೆ ಸೇರಿದ್ದಲ್ಲ ಅನ್ನುವಂತೆ ಎರಡು ಹೆಜ್ಜೆ ಸರಿದು ನಿಂತರು.

"'ರಾಣಿಯವರು ಜೋರಾಗಿ ನಕ್ಕರು ಎಂಬುದನ್ನು ನಿಮಗೆ ತಿಳಿಸಲು ನನಗೆ ಅನುಮತಿ ಇದೆ. ಅರಮನೆಯ ಪೂರ್ವ ಭಾಗದಲ್ಲೂ ಇಂಥದ್ದೇ ಒಂದು ನಲ್ಲಿ ಇದೆಯೆಂದೂ, ಅದನ್ನು ರಿಪೇರಿ ಮಾಡಿಸುತ್ತೇನೆ ಎಂದು ಒಪ್ಪಿಕೊಂಡಿರುವ ತಮ್ಮ ಪತಿಯವರು ಸದಾ ಪಕ್ಕದ ದೇಶದ ರಾಜಮನೆತನದ ಸುದ್ದಿ ಓದುತ್ತ ಕೂತಿರುತ್ತಾರೆಂದೂ ಅವರು ಹೇಳಿದರು. ನಿಮ್ಮ ಪತಿಯವರಿಗೆ ಅವರ ವೈಯಕ್ತಿಕ ಮಾತು ಇಷ್ಟು: ದಯವಿಟ್ಟು ನಲ್ಲಿ ಸರಿಮಾಡಿ. ಆದ ಮೇಲೆ ಒಂದು ಸಾಲು ಬರೆದು ತಿಳಿಸುವಂತೆ ಶ್ರೀಮತಿಯವರನ್ನು ಕೋರಿದ್ದಾರೆ.' ಕೆಳಗೆ ರಾಣಿಯವರ ಸ್ವಂತ ಸಹಿ. ಮುಗೀತು."

ಮೊದಲು ನಕ್ಕದ್ದು ಮಂಚದಾಕೆ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಸುಲಭ: ಮೂವರು. ಅರಮನೆಯಣ್ಣ, ಸಾಹೇಬರು, ಟೈಪಿಸ್ಟ್ ಮೇಡಂ. ನಗುವಿನ ನಡುವೆ ಯಾರೋ ಹೂಗುಚ್ಛ ಎತ್ತಿ ಹೆಂಡತಿಯ ಕೈಗೆ ಕೊಟ್ಟರು, ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರದಿಗಾರ್ತಿ ಮೈಕು ತೆಗೆದುಕೊಂಡು ಅವಳತ್ತ ಓಡಿದಳು.

"ರಾಣಿಯವರಿಗೆ ಕಾಗದ ಬರೀಬೇಕು ಅಂತ ನಿಮಗೆ ಹೇಗೆ ಅನ್ನಿಸ್ತು ಮೇಡಂ?"

"ನಮ್ಮೆಜಮಾನ್ರು ಯಾರ ಮಾತು ಕೇಳ್ತಾರೆ ಅಂತ ಯೋಚನೆ ಮಾಡ್ದೆ," ಎಂದಳು ಅವಳು. "ಅವರೊಬ್ಬರೇ ನೆನಪಿಗೆ ಬಂದ್ರು."

ಸಾಹೇಬರು ಅರಮನೆಯಣ್ಣನ ಭುಜ ಹಿಡಿದು ಮೂಲೆಗೆ ಕರೆದರು. "ಮೇಲ್ವಿಚಾರಕ! ಹದಿನಾಲ್ಕು ತಿಂಗಳು! ನೇರ ಪ್ರಸಾರದಲ್ಲಿ! ಈಗಿಂದೀಗ ಮನೆಗೆ ಹೋಗು. ಆ ನಲ್ಲಿ ಸರಿಮಾಡು. ಮಾಡಿಸಬೇಡ, ನೀನೇ ಮಾಡು. ಸ್ಟೋರಿನಿಂದ ಸ್ಪ್ಯಾನರ್ ತಗೊಂಡು ಹೋಗು."

ಹೊರಗೆ ಬಂದಾಗ ಜನ ಎರಡು ಸಾಲಾಗಿ ನಿಂತಿದ್ದರು. ಬೆಳಗ್ಗೆಯಿಂದ ಅವನು ಕನಸು ಕಂಡದ್ದೂ ಹೀಗೇ ಎರಡು ಸಾಲು. ಕೈಯಲ್ಲಿ ಸ್ಪ್ಯಾನರ್ ಇರುತ್ತದೆ ಅಂತ ಮಾತ್ರ ಕಂಡಿರಲಿಲ್ಲ.

ಮೀಟರ್ ಓದುವುದು ಬೇರೆ, ನಲ್ಲಿ ಬಿಚ್ಚುವುದು ಬೇರೆ. ಮನೆಗೆ ಬಂದು ಬಚ್ಚಲುಮನೆಯಲ್ಲಿ ಕೂತವನು ಮೊದಲು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದ. ಆಮೇಲೆ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚದೆಯೇ ನಲ್ಲಿಯ ತಲೆ ಬಿಚ್ಚಿದ. ನೀರು ಹಾರಿ ಛಾವಣಿಗೆ ಬಡಿಯಿತು, ಛಾವಣಿಯಿಂದ ಅವನ ಇಸ್ತ್ರಿ ಮಾಡಿದ ಯೂನಿಫಾರಂಗೆ. ಶಾಲೆಯಿಂದ ಬಂದಿದ್ದ ಮಗಳು ಮಹಡಿಗೆ ಓಡಿ ವಾಲ್ವ್ ಮುಚ್ಚಿ ಬಂದಳು. ಒಳಗೆ ಕೈಹಾಕಿದರೆ ಸಿಕ್ಕಿದ್ದು ಸವೆದು ಹರಿದ ಒಂದು ರಬ್ಬರ್ ವಾಷರು, ಅಂಗಿಯ ಗುಂಡಿಯಷ್ಟು. ಹದಿನಾಲ್ಕು ತಿಂಗಳ ಜಗಳ ಇಷ್ಟೇ ಇಷ್ಟು. ಸ್ಟೋರಿನಿಂದ ತಂದಿದ್ದ ಹೊಸ ವಾಷರು ಹಾಕಿ, ತಿರುಗಿಸಿ, ಉಸಿರು ಬಿಗಿಹಿಡಿದು ಕಾದ. ಒಂದು ಹನಿ ತುದಿಯಲ್ಲಿ ತೂಗಿತು. ಬೀಳಲಿಲ್ಲ.

ಅವನು ತೊಯ್ದ ತಲೆಯಲ್ಲಿ ಹಾಗೇ ನೆಲದ ಮೇಲೆ ಕೂತ. ಅವಮಾನ ಆಗಿತ್ತು, ಇಲ್ಲ ಅನ್ನುವ ಹಾಗಿರಲಿಲ್ಲ. ಆದರೆ ಅವಮಾನದ ಕೆಳಗೆ ಇನ್ನೇನೋ ಬೆಚ್ಚಗಿತ್ತು. ತೆರೆದ ಬಾಗಿಲಿನಿಂದ ಹೆಂಡತಿ ಕಾಣುತ್ತಿದ್ದಳು. ಟೇಬಲ್ಲಿನ ಮುಂದೆ ಒಬ್ಬಳೇ ಕೂತು, ಹಸಿರು ಮಸಿಯ ಆ ಸಹಿಯ ಮೇಲೆ ಬೆರಳು ಆಡಿಸುತ್ತಿದ್ದಳು, ಮಸಿ ಮಾಸದ ಹಾಗೆ ಹಗುರಾಗಿ. ಅವನ ನಾಲ್ಕು ಪುಟಕ್ಕೆ ಒಂದು ಸಾಲೂ ಬರಲಿಲ್ಲ. ಇವಳ ಅರ್ಧ ಪುಟಕ್ಕೆ ಒಂದು ಅರಮನೆ ನಕ್ಕಿದೆ. ಭಾರಿ ಹೆಂಗಸು ಕಣಪ್ಪ, ಅಂದುಕೊಂಡ. ಯಾರ ಹೆಂಡತಿ ಮತ್ತೆ?

"ಏನೇ," ಎಂದು ಕೂಗಿದ. "ನಿಂತಿತು. ಬರೆದು ತಿಳಿಸು."

ಅವಳು ಎದ್ದು ಬಂದು, ನಲ್ಲಿ ನೋಡಿ, ತಿರುಗಿಸಿ, ಮತ್ತೆ ನೋಡಿದಳು. ಅವನ ತಲೆಯ ಮೇಲೆ ಟವೆಲು ಹಾಕಿದಳು. "ಚೆನ್ನಾಗಿ ಮಾಡಿದೀರಾ," ಎಂದಳು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ಹೆಡ್ಮಾಸ್ಟರ ಹೆಂಡತಿ. ಹಿಂದೆ ನರ್ಸಮ್ಮ. ಅವಳ ಹಿಂದೆ ಮಂಚದಾಕೆ, ಅವಳ ಹಿಂದೆ ಇನ್ನೂ ಐದಾರು ಹೆಂಗಸರು. ಎಲ್ಲರ ಕೈಯಲ್ಲೂ ಒಂದೊಂದು ಮಡಿಸಿದ ಕಾಗದ.

"ನೋಡಮ್ಮಾ, ನೀನು ಹೇಗಿದ್ರೂ ಅವರಿಗೆ ಉತ್ತರ ಬರೀತೀಯಲ್ಲ," ಎಂದರು ಹೆಡ್ಮಾಸ್ಟರ ಹೆಂಡತಿ, ಒಳಗೆ ಬಂದು ಕುರ್ಚಿ ಎಳೆದುಕೊಳ್ಳುತ್ತ. "ಅದೇ ಕವರಿನಲ್ಲಿ ನಮ್ಮದೂ ಇಟ್ಟುಬಿಡು. ನಮ್ಮನೇಲಿ ಅಡುಗೆಮನೆ ನಲ್ಲಿ ಸೋರೋಕೆ ಶುರುವಾಗಿದ್ದು ಅವರು ರಿಟೈರ್ ಆದ ವರ್ಷ. ಬೀದಿಗೆಲ್ಲ ಬುದ್ಧಿ ಹೇಳ್ತಾರೆ, ಆ ನಲ್ಲಿಗೊಂದು ಹೇಳಲ್ಲ."

"ನಮ್ಮನೇಲಿ ಕಿಟಕಿ ಚಿಲಕ," ಎಂದಳು ನರ್ಸಮ್ಮ. ಮಂಚದಾಕೆ ತನ್ನದನ್ನು ಮುಂದೆ ಚಾಚಿದಳು. ಅವಳ ಕಾಗದ ಎರಡು ಪುಟವಿತ್ತು.

ಅರ್ಧ ಗಂಟೆಯಲ್ಲಿ ಆ ಸುದ್ದಿಯೂ ಹರಡಿತು, ಈ ಸಲ ಗಂಡಸರ ಕಡೆಗೆ. ಮೊದಲು ಬಂದವರು ಹೆಡ್ಮಾಸ್ಟರು, ಪ್ಲಾಸ್ಟಿಕ್ ಚೀಲದಲ್ಲಿ ಬಿಚ್ಚಿದ ಒಂದು ನಲ್ಲಿ ಹಿಡಿದುಕೊಂಡು. ಮಂಚದಾಕೆಯ ಗಂಡ ಮಂಚದ ಕಾಲನ್ನೇ ಹೊತ್ತು ತಂದ. ಅವನ ಹಿಂದೆ ಒಂದು ಜೀಪು ಬಂದು ನಿಂತು, ಅದರಿಂದ ಎಂಜಿನಿಯರ್ ಸಾಹೇಬರು ಇಳಿದರು, ಪೇಪರಿನಲ್ಲಿ ಸುತ್ತಿದ ಏನನ್ನೋ ಅಂಗಿಯ ಕೆಳಗೆ ಅಡಗಿಸಿಕೊಂಡು. ಅವರ ಮನೆಯಲ್ಲಿ ನೇರ ಪ್ರಸಾರ ನೋಡಿದ್ದರು.

"ಇದು ಶವರಿನದು," ಎಂದರು ತಗ್ಗಿದ ದನಿಯಲ್ಲಿ. "ಮೂರು ವರ್ಷ ಆಯ್ತು. ನಮ್ಮನೆಯಾಕೆ ಕಾಗದ ಹಿಡ್ಕೊಂಡು ಇಲ್ಲಿಗೇ ಹೊರಟಿದ್ದಾಳೆ. ಅವಳು ಬರೋಷ್ಟರಲ್ಲಿ ಸರಿ ಆಗಿರಬೇಕು ಕಣಯ್ಯ."

"ಸಾರ್, ಆ ಮೇಲ್ವಿಚಾರಕರ ಹುದ್ದೆ..."

"ಮೊದಲು ವಾಷರ್ ಹಾಕು."

ಒಳಗೆ ಹೆಂಗಸರು ಟೀ ಕುಡಿಯುತ್ತ, ಒಬ್ಬರ ಕಾಗದ ಇನ್ನೊಬ್ಬರು ಓದಿ ನಗುತ್ತಿದ್ದರು. ಹೊರಗೆ ಮೆಟ್ಟಿಲ ಮೇಲೆ ಅರಮನೆಯಣ್ಣ ಬೆನ್ನು ಬಗ್ಗಿಸಿ ಕೂತಿದ್ದ. ಸುತ್ತ ಬೀದಿಯ ಗಂಡಸರೆಲ್ಲ ಕೈಯಲ್ಲಿ ನಲ್ಲಿ, ಚಿಲಕ, ಕೀಲು ಹಿಡಿದು ಸರದಿಯಲ್ಲಿ ನಿಂತಿದ್ದರು. ಒಬ್ಬರ ಮುಖದಲ್ಲೂ ಪ್ರೀತಿ ಇರಲಿಲ್ಲ.

"ಎಲ್ಲ ನಿನ್ನಿಂದ," ಎಂದರು ಹೆಡ್ಮಾಸ್ಟರು. "ಸುಮ್ಮನೆ ಮೀಟರ್ ಓದ್ಕೊಂಡಿರೋಕೆ ಆಗ್ತಿರಲಿಲ್ವಾ? ರಾಣಿಯಂತೆ, ಕಾಗದವಂತೆ. ಈಗ ನೋಡು, ನಮ್ಮೆಲ್ಲರ ಮಾನ ಸಮುದ್ರ ದಾಟಿ ಹೋಗ್ತಿದೆ."

ಅರಮನೆಯಣ್ಣ ಸ್ಪ್ಯಾನರ್ ಕೆಳಗಿಟ್ಟು, ತೊಯ್ದ ಕಾಲರ್ ಸರಿಮಾಡಿಕೊಂಡು ತಲೆಯೆತ್ತಿದ.

"ನಿಮಗೆಲ್ಲ ನಿಮ್ಮ ನಿಮ್ಮ ಹೆಂಡತಿಯರು ಹೇಳಿದ್ದು ಸಾರ್," ಎಂದ. "ಈ ಬೀದಿಯಲ್ಲಿ ಖುದ್ದು ರಾಣಿಯವರೇ ಬಾಯಿಬಿಟ್ಟು ಹೇಳಿ ನಲ್ಲಿ ರಿಪೇರಿ ಮಾಡಿಸಿರೋದು ನನ್ನೊಬ್ಬನ ಕೈಲಿ."

ಅಷ್ಟು ಹೇಳಿ, ಸರದಿಯಲ್ಲಿ ಮುಂದಿನವರ ನಲ್ಲಿ ಇಸಿದುಕೊಂಡು ಬಗ್ಗಿದ.